ತೌಡಯ್ಯನ ಅಣ್ಣ

“ಇಲ್ಲೊಂದು ಸೈನ್ ಹಾಕಿ, ಅಲ್ಲೊಂದು. ಆಮೇಲೆ ನಿಮ್ಮ ತಮ್ಮನ್ನ ಕರ್ಕೊಂಡು ಹೊರಡಿ,” ಅಂದ ಶವಾಗಾರದ ಗುಮಾಸ್ತ. ಹೆಣ ಕಳಿಸುವಾಗಲೂ ಮದುವೆಮನೆಯಿಂದ ನೆಂಟರನ್ನು ಬೀಳ್ಕೊಡುವಂತೆ ಮಾತಾಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ರುದ್ರಸ್ವಾಮಿ ಜೇಬಿನಿಂದ ಪೆನ್ನು ತೆಗೆದ. ಅರವತ್ತು ದಾಟಿದ ಆಳು. ಬಿಳಿ ಅಂಗಿ, ಬಿಳಿ ಪಂಚೆ, ಅತ್ತು ಕೆಂಪಾದ ಕಣ್ಣು. ಪೆನ್ನು ಕಾಗದಕ್ಕೆ ತಾಗುವ ಮೊದಲೇ ಸಬ್‌ಇನ್ಸ್‌ಪೆಕ್ಟರ್ ಪವಿತ್ರ ಅದರ ಮೇಲೆ ಅಂಗೈ ಊರಿದಳು.

“ಸ್ವಲ್ಪ ತಡೀರಿ. ಒಂದೆರಡು ಮಾತು ಕೇಳೋದಿದೆ.”

“ಇನ್ನೇನು ಮೇಡಂ ಕೇಳೋದು? ನಿನ್ನೆಯೇ ಎಲ್ಲಾ ಹೇಳಿಕೆ ಕೊಟ್ಟಿದ್ದೀನಲ್ಲ. ಬಿಸ್ಲೇರೋ ಮುಂಚೆ ಊರು ಸೇರ್ಬೇಕು. ಅಲ್ಲಿ ಗುಂಡಿ ತೋಡಿ ಕಾಯ್ತಾವ್ರೆ.”

“ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿ. ಸತ್ತಿರೋರು ನಿಮಗೆ ಏನಾಗಬೇಕು?”

“ಒಡಹುಟ್ಟಿದ ತಮ್ಮ. ನನ್ನ ಬೆನ್ನಿಗೆ ಬಿದ್ದೋನು.”

ಇದೇ ಮಾತು ನಿನ್ನೆಯ ಹೇಳಿಕೆಯಲ್ಲೂ ಇತ್ತು. ಓದುವಾಗ ಸುಮ್ಮನೆ ದಾಟಿ ಹೋಗಿದ್ದು ಈಗ ಪವಿತ್ರಳ ಕಿವಿಗೆ ಬಿದ್ದಾಗ ಚುಚ್ಚಿತು.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ತೌಡಯ್ಯ ಮೊನ್ನೆ ಬೆಳಿಗ್ಗೆ ತನ್ನ ಮಳಿಗೆಯೊಳಗೆ ಎಲೆಕಟ್ಟುಗಳ ಪಕ್ಕದಲ್ಲಿ ಸತ್ತು ಬಿದ್ದಿದ್ದ. ತೋಟಕ್ಕೆ ಹೊಡೆಯುವ ಔಷಧಿ ಅವನ ಹೊಟ್ಟೆ ಸೇರಿತ್ತು. ತಾನಾಗಿ ಕುಡಿದದ್ದೋ ಯಾರಾದರೂ ಕೊಟ್ಟದ್ದೋ ಅನ್ನುವುದಕ್ಕೆ ಸಾಕ್ಷಿಯಿಲ್ಲ. ಬೆಳಿಗ್ಗೆ ಡಾಕ್ಟರು ಪವಿತ್ರಳ ಕಿವಿಯಲ್ಲಿ ಹೇಳಿದ ಒಂದು ಮಾತು ಇನ್ನೂ ವರದಿಗೆ ಇಳಿದಿರಲಿಲ್ಲ. ಆತ್ಮಹತ್ಯೆ ಅನ್ನಲು ಇದ್ದ ಆಧಾರ ಒಂದೇ, ಅಣ್ಣನ ಹೇಳಿಕೆ. ಒಂದೇ ಮನೆಯಲ್ಲಿ ಬೆಳೆದವರು ನಾವು, ಹುಡುಗನಾಗಿದ್ದಾಗಲೂ ಒಮ್ಮೆ ಬಾವಿಗೆ ಹಾರಿದ್ದ, ಅವನ ಮನಸ್ಸೇ ಅಂಥಾದ್ದು ಅಂತ ರುದ್ರಸ್ವಾಮಿ ಬರೆಸಿದ್ದ.

“ಅಣ್ಣನೇ ಹೇಳ್ತಿರೋವಾಗ ನಿನ್ನದೇನಮ್ಮ ತಕರಾರು?” ಅಂತ ಇನ್ಸ್‌ಪೆಕ್ಟರ್ ಸುದರ್ಶನ ಬೆಳಿಗ್ಗೆ ಫೋನಿನಲ್ಲಿ ರೇಗಿದ್ದರು. “ಬಾಡಿ ಕೊಟ್ಟು ಕಳಿಸು. ಇವತ್ತೇ ಫೈಲು ಮುಗೀಬೇಕು.”

ಫೈಲು ಮುಗಿದರೆ ಪವಿತ್ರಳಿಗೂ ಒಂದು ತಲೆನೋವು ಕಡಿಮೆ. ಆದರೆ ಹೊರಗೆ ಹೊಂಗೆಮರದ ಕೆಳಗೆ ರುದ್ರಸ್ವಾಮಿಯ ಬಿಳಿ ಕಾರು ನಿಂತಿತ್ತು. ಆ ಕಾರಿನೊಳಗೆ ಗಗನ ಕೂತಿದ್ದಳು. ಸತ್ತವನ ಒಬ್ಬಳೇ ಮಗಳು, ಇನ್ನೂ ಇಪ್ಪತ್ಮೂರು ವರ್ಷ. ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗೋಕುಲಂನಲ್ಲಿ ವಿದೇಶಿಯರು ಬರುವ ಯೋಗಶಾಲೆಯೊಂದರಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದಳು. ದೊಡ್ಡಪ್ಪ ಹೇಳಿದ ಅಂತ ನಿನ್ನೆ ಆ ಕೆಲಸವನ್ನೂ ಬಿಟ್ಟಿದ್ದಳು, ಅಶೋಕಪುರಂನ ಬಾಡಿಗೆ ಮನೆಯ ಬೀಗದ ಕೈಯನ್ನೂ ಅವನಿಗೇ ಕೊಟ್ಟಿದ್ದಳು. ಹೆಣದ ಹಿಂದೆಯೇ ಅವಳೂ ಅವನ ಊರಿಗೆ ಹೊರಡುವವಳು. ಅಪ್ಪನನ್ನು ಕೊಂದವನು ಇವನೇ ಆಗಿದ್ದರೆ ಹುಡುಗಿಯ ಗತಿ ಏನು ಎಂಬ ಯೋಚನೆ ಪವಿತ್ರಳನ್ನು ನಿನ್ನೆಯಿಂದ ಕೊರೆಯುತ್ತಿತ್ತು.

“ಹೇಳಿಕೆ ಇನ್ನೊಂದ್ಸಲ ಓದಿ ಬರ್ತೀನಿ, ಕೂತಿರಿ,” ಅಂದು ಅವಳು ಜಗಲಿಯ ಕೊನೆಗೆ ಹೋಗಿ ನಿಂತಳು. ಓದಲಿಲ್ಲ. ಅಜ್ಜಿಯನ್ನು ನೆನೆದಳು.

ಮೈಸೂರು ಕಡೆ ಬೆಳೆದ ಮಗು ಒಂದಲ್ಲ ಒಂದು ದಿನ ಈ ಮಾತು ಕೇಳಿಸಿಕೊಂಡೇ ಇರುತ್ತದೆ: ‘ನಿನ್ನ ನಾವು ಹೆತ್ತಿದ್ದಲ್ಲ, ತೌಡು ಕೊಟ್ಟು ತಂದಿದ್ದು.’ ಅಕ್ಕಂದಿರು ರೇಗಿಸುತ್ತಾರೆ, ಮಗು ಅತ್ತುಕೊಂಡು ಅಮ್ಮನ ಸೆರಗು ಹಿಡಿಯುತ್ತದೆ, ಅಮ್ಮ ನಕ್ಕು ಕಣ್ಣೊರೆಸುತ್ತಾಳೆ. ನಗುವವರಲ್ಲಿ ಎಷ್ಟೋ ಜನರಿಗೆ ಆ ಮಾತಿನ ಹಿಂದಿನ ಸಂಕಟ ಗೊತ್ತಿಲ್ಲ. ಪವಿತ್ರಳಿಗೆ ಗೊತ್ತಿತ್ತು. ಅವಳ ಅಜ್ಜಿ ನಿಜಕ್ಕೂ ತೌಡು ಕೊಟ್ಟು ಕೂಸುಗಳನ್ನು ಕೊಂಡವಳು.

ಹೆತ್ತದ್ದೆಲ್ಲ ಉಳಿಸಿಕೊಂಡ ಹೆಂಗಸು ಅಂತ ಹಳ್ಳಿಯಲ್ಲಿ ಅಜ್ಜಿಗೆ ದೊಡ್ಡ ಮರ್ಯಾದೆ. ಹುಟ್ಟಿದ ಕೂಸುಗಳನ್ನೆಲ್ಲ ಮಣ್ಣಿಗೆ ಕೊಟ್ಟ ಮನೆಯಲ್ಲಿ ಮತ್ತೊಂದು ಗಂಡುಕೂಸು ಹುಟ್ಟಿತೋ, ಅವಳಿಗೆ ಹೇಳಿಕಳಿಸುತ್ತಿದ್ದರು. ಅಜ್ಜಿ ಮೊರದ ತುಂಬ ತೌಡು ತಗೊಂಡು ಹೋಗಿ ಅವರ ಹೊಸಿಲ ಮೇಲೆ ಸುರಿದು ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಇನ್ನು ಅದು ಆ ಮನೆಯ ಕೂಸಲ್ಲ. ದನ ತಿನ್ನುವ ತೌಡಿಗೆ ಬಿಕರಿಯಾದದ್ದು. ಅಂಥ ಅಗ್ಗದ ಜೀವದ ಮೇಲೆ ಸಾವಿಗೂ ಆಸೆ ಹುಟ್ಟುವುದಿಲ್ಲ ಅನ್ನುವ ನಂಬಿಕೆ. ಕೆಲವು ದಿನ ಇಟ್ಟುಕೊಂಡು, ತೌಡಯ್ಯ ಅಂತ ಕರೆದು, ‘ನಮ್ಮ ಕೂಸನ್ನ ಒಸಿ ಸಾಕ್ಕೊಡ್ರಪ್ಪ’ ಅಂತ ಹೆತ್ತವರ ಕೈಗೇ ಒಪ್ಪಿಸುತ್ತಿದ್ದಳು.

ಬದುಕಿಸಿದ ಹೆಸರೇ ಆದರೂ ಅದನ್ನು ಹೊತ್ತವರು ಪ್ರೀತಿಸಲಿಲ್ಲ. ಸ್ಕೂಲಿಗೆ ಸೇರುವ ದಿನವೇ ಎಷ್ಟೋ ಮಂದಿ ಬೇರೆ ಹೆಸರು ಹೇಳಿ ಬಚಾವಾದರು. ಆಮೇಲೆ ಹೆರಿಗೆ ಆಸ್ಪತ್ರೆಗಳು ಬಂದವು, ಸೂಜಿಮದ್ದು ಬಂತು, ಕೂಸುಗಳು ಉಳಿಯತೊಡಗಿದವು. ಈಗ ತೊಟ್ಟಿಲಲ್ಲಿ ಮಲಗುವವರೆಲ್ಲ ಯಶಸ್, ಸಂಜಯ್. ಪೇದೆ ಹರೀಶ ಮೊನ್ನೆ ಮೊಬೈಲಿನಲ್ಲಿ ಹುಡುಕಿ, “ಮೇಡಂ, ಈ ಹೆಸರು ಹಾಕಿದ್ರೆ ಬರೀ ತೌಡಿನ ಎಣ್ಣೆ ಜಾಹೀರಾತು ಬರುತ್ತೆ,” ಅಂದಿದ್ದ.

ಹರೀಶನ ಮೊಬೈಲಿಗೆ ಗೊತ್ತಿಲ್ಲದ ಒಂದು ಸಂಗತಿ ಉಳಿದಿತ್ತು. ಮುಂಚೆ ಹುಟ್ಟಿದ ಒಂದು ಮಗುವೂ ಉಳಿಯದ ಮನೆಯಲ್ಲಿ ಮಾತ್ರ ಆ ಹೆಸರು ಇಡುವುದು. ತೌಡಯ್ಯನಿಗೆ ತಮ್ಮ ಇರಬಹುದು, ತಂಗಿ ಇರಬಹುದು. ಬದುಕಿರುವ ಅಣ್ಣ ಇರುವಂತಿಲ್ಲ.

ಅವಳು ನೇರ ಕಾರಿನ ಹತ್ತಿರ ನಡೆದಳು. ಹಿಂದಿನ ಸೀಟಿನಲ್ಲಿ ಗಗನ, ಅವಳ ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದ ಒಬ್ಬ ಮುದುಕಿ.

“ಇವರು ಯಾರಮ್ಮ?”

“ದೊಡ್ಡಪ್ಪನ ತಾಯಿ ಮೇಡಂ. ಅಂಬುಜಮ್ಮ ಅಂತ. ಅಪ್ಪನ ಮುಖ ನೋಡ್ಬೇಕು ಅಂತ ಹಟ ಮಾಡಿ ಬಂದ್ರಂತೆ. ನಾನು ಇವರನ್ನ ನೋಡಿದ್ದು ಇವತ್ತೇ.”

“ನಿಮ್ಮಪ್ಪ ಅವರ ಒಡಹುಟ್ಟಿದ ತಮ್ಮ ಆದ್ರೆ ಇವರು ನಿಮಗೆ ಸ್ವಂತ ಅಜ್ಜಿ ಆಗ್ಬೇಕಲ್ಲ. ನಿಮ್ಮಪ್ಪ ಒಂದು ದಿನವಾದ್ರೂ ಇವರ ಹೆಸರು ಹೇಳಿದ್ದುಂಟಾ?”

ಗಗನ ತಬ್ಬಿಬ್ಬಾದಳು. “ಒಡಹುಟ್ಟಿದೋರು ಅಂತ ಅಪ್ಪ ಅಂದಿಲ್ಲ. ಅವರನ್ನ ಅಣ್ಣಯ್ಯ ಅಂತಿದ್ರು, ನಾನು ದೊಡ್ಡಪ್ಪ ಅಂದೆ, ಅಷ್ಟೇ. ಎರಡು ವರ್ಷದ ಹಿಂದೆ ಅಂಗಡಿ ಹುಡುಕ್ಕೊಂಡು ಬಂದ್ರು. ತನ್ನ ಅಪ್ಪ ಅವ್ವ ಚಿಕ್ಕಂದಿನಲ್ಲೇ ಹೋಗ್ಬಿಟ್ರು ಅಂತ ಅಪ್ಪ ಹೇಳಿದ್ರು. ಊರಿನ ವಿಷ್ಯ ಎತ್ತಿದ್ರೆ ಎದ್ದು ಹೋಗ್ತಿದ್ರು.”

“ಹೆಸರಿನ ವಿಷಯ?”

“ಅದನ್ನಂತೂ ಕೇಳೋ ಹಾಗೇ ಇರ್ಲಿಲ್ಲ. ಕಾಲೇಜಲ್ಲಿ ಅಪ್ಪನ ಹೆಸರು ಓದಿದಾಗ ಹುಡುಗ್ರು ನಗೋರು. ಒಂದ್ಸಲ ಅತ್ಕೊಂಡು ಬಂದೆ. ಆಗ ಅಪ್ಪ ಅಂದ್ರು, ಆ ಹೆಸರು ನೆಲದ ಮೇಲೆ ಚೆಲ್ಲಿದ್ದು ಕಣಮ್ಮ, ಅದಕ್ಕೇ ನಿಂಗೆ ಆಕಾಶದ ಹೆಸರಿಟ್ಟೆ ಅಂತ.” ಅವಳು ಕಣ್ಣೊರೆಸಿಕೊಂಡಳು. “ಅದ್ಯಾಕೆ ಈಗ ಮೇಡಂ?”

ಅಷ್ಟರಲ್ಲಿ ರುದ್ರಸ್ವಾಮಿ ದಡದಡನೆ ಬಂದು ಕಾರಿಗೂ ಪವಿತ್ರಳಿಗೂ ನಡುವೆ ನಿಂತ. “ಅವ್ವಂಗೆ ಕಿವಿ ಕೇಳಕಿಲ್ಲ ಮೇಡಂ. ವಯಸ್ಸಾದ ಜೀವ, ಅವಳನ್ನ ಗೋಳು ಉಯ್ಕೋಬೇಡಿ. ಕೇಳೋದಿದ್ರೆ ನನ್ನ ಕೇಳಿ.”

“ನಿಮ್ಮನ್ನೇ ಕೇಳ್ತೀನಿ. ನಿಮ್ಮ ತಮ್ಮನಿಗೆ ಆ ಹೆಸರು ಯಾಕಿಟ್ರು?”

“ಹಳ್ಳಿ ಹೆಸ್ರು. ಯಾವ್ದೋ ಇಟ್ರು.”

“ಹಾಗೆ ಯಾವುದೋ ಇಡೋ ಹೆಸರಲ್ಲ ಅದು. ಅವರು ಹುಟ್ಟೋಕೆ ಮುಂಚೆ ನಿಮ್ಮ ತಾಯಿಗೆ ಎಷ್ಟು ಕೂಸು ಸತ್ತಿದ್ವು?”

“ಒಂದೂ ಸತ್ತಿಲ್ಲ. ಇಬ್ರು ಅಕ್ಕಂದ್ರು ಇನ್ನೂ ಗಟ್ಟಿಮುಟ್ಟಾಗವ್ರೆ.”

ಪವಿತ್ರ ಇದಕ್ಕೇ ಕಾದಿದ್ದಳು. “ಇಬ್ಬರು ಅಕ್ಕಂದಿರು, ಒಬ್ಬ ಅಣ್ಣ, ಮೂವರೂ ಬದುಕಿರೋ ಮನೇಲಿ ಹುಟ್ಟಿದ ನಾಲ್ಕನೇ ಕೂಸಿಗೆ ಯಾವ ತಾಯಿನೂ ತೌಡಯ್ಯ ಅಂತ ಹೆಸರಿಡಲ್ಲ ರುದ್ರಸ್ವಾಮಿಯೋರೇ. ಕೂಸು ಉಳೀದೇ ಇರೋ ಮನೇಲಿ ಇಡೋ ಹೆಸರು ಅದು. ನಮ್ಮಜ್ಜಿ ಇಂಥ ಎಷ್ಟೋ ಕೂಸು ಎತ್ತಿ ಆಡಿಸಿದೋಳು. ಸತ್ತಿರೋರು ನಿಮ್ಮ ಒಡಹುಟ್ಟಿದೋರಲ್ಲ. ಒಂದೇ ಮನೇಲಿ ಬೆಳೆದಿದ್ದೂ ಸುಳ್ಳು, ಬಾವಿಗೆ ಹಾರಿದ ಕತೆನೂ ಸುಳ್ಳು. ಯಾಕೆ ಹಾಗೆ ಬರೆಸಿದ್ರಿ?”

ಗಗನ ಕಾರಿನಿಂದ ಇಳಿದು ನಿಂತಳು. ರುದ್ರಸ್ವಾಮಿಯ ಮುಖದಲ್ಲಿ ರಕ್ತವಿರಲಿಲ್ಲ. ಅವನು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ, ನಿಧಾನವಾಗಿ. ಒರೆಸಿಕೊಂಡು ಮುಗಿಸುವ ಹೊತ್ತಿಗೆ ಅವನ ಧೈರ್ಯ ವಾಪಸು ಬಂದಿತ್ತು.

“ನಿಮ್ಮಜ್ಜಿ ಮಾಡಿದ್ದನ್ನೇ ನಮ್ಮವ್ವ ಮಾಡಿದ್ಲು ಮೇಡಂ,” ಅಂದ. “ಅವನಿಗೆ ತೌಡು ಕೊಟ್ಟೋಳು ನಮ್ಮವ್ವನೇ. ಅವನ ಹೆತ್ತೋರಿಗೆ ಐದು ಕೂಸು ಹೋಗಿದ್ವು. ಆರನೇದನ್ನ ನಮ್ಮವ್ವ ಕೊಂಡು ಮೊಲೆಹಾಲು ಕೊಟ್ಟು ತಿರುಗಿ ಕೊಟ್ಲು. ಒಂದೇ ಎದೆಹಾಲು ಕುಡಿದೋರು ಒಡಹುಟ್ಟಿದೋರಲ್ದೆ ಇನ್ನೇನು? ಈ ತೌಡಿನ ಕತೆ ಹೇಳಿದ್ರೆ ನಿಮ್ಮ ಪೊಲೀಸ್ನೋರು ನನಗೆ ಹೆಣ ಕೊಡ್ತಿದ್ರಾ? ಅದಕ್ಕೆ ತಮ್ಮ ಅಂದೆ. ಬಾವಿಗೆ ಹಾರಿದ್ದು ಊರೋರು ಹೇಳಿದ್ದು, ಅದನ್ನೇ ಬರೆಸ್ದೆ.”

ಪವಿತ್ರ ಬಿಗಿಯಾಗಿ ಹಿಡಿದಿದ್ದ ದಾರ ಕೈಯಿಂದ ಜಾರಿಹೋಗಿತ್ತು. ತೌಡು ಕೊಟ್ಟವಳ ಮಕ್ಕಳು ಆ ಕೂಸಿಗೆ ಅಣ್ಣ ಅಕ್ಕಂದಿರೇ. ಅವಳ ಸ್ವಂತ ಅಪ್ಪನನ್ನು ಊರಲ್ಲಿ ಇಬ್ಬರು ಹಾಗೆಯೇ ಅಣ್ಣ ಅನ್ನುತ್ತಿದ್ದರು. ತನ್ನ ಅಜ್ಜಿಯ ಕತೆಯನ್ನು ತಾನೇ ಅರ್ಧಕ್ಕೆ ನಿಲ್ಲಿಸಿದೆನಲ್ಲ ಅಂತ ಅವಳಿಗೆ ನಾಚಿಕೆಯಾಯಿತು.

“ಬಿಡಿ ಮೇಡಂ,” ಅಂದಳು ಗಗನ. ಅವಳು ದೊಡ್ಡಪ್ಪನ ಪಕ್ಕಕ್ಕೆ ಹೋಗಿ ನಿಂತಿದ್ದಳು. “ಯಾರೂ ಇಲ್ಲದ ನನಗೆ ಇವರಾದ್ರೂ ಇದ್ದಾರೆ. ಅದನ್ನೂ ಯಾಕೆ ಕಿತ್ಕೋತೀರಿ?”

ಆ ಮಾತು ಪವಿತ್ರಳಿಗೆ ನಾಟಿತು. ತಡೆಯಲು ಅವಳ ಹತ್ತಿರ ಈಗ ಕಾನೂನೂ ಇರಲಿಲ್ಲ, ಕಾರಣವೂ ಇರಲಿಲ್ಲ. ಹುಡುಗಿ ವಯಸ್ಸಿಗೆ ಬಂದವಳು, ಎಲ್ಲಿಗೆ ಬೇಕಾದರೂ ಹೋಗಬಹುದು. ರುದ್ರಸ್ವಾಮಿ ಆಗಲೇ ಹಿಂದಿನ ಬಾಗಿಲು ತೆಗೆದು, “ಕೂತ್ಕೋ ಮಗ,” ಅನ್ನುತ್ತಿದ್ದ.

ಗಗನ ಕೂತಳು. ಆಗ ಮುದುಕಿ ಸೆರಗು ಸರಿಸಿ ಪವಿತ್ರಳ ಕಡೆ ತಿರುಗಿದಳು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

“ನಿಮ್ಮಜ್ಜಿ ಕೊಂಡ ಕೂಸುಗಳೆಲ್ಲ ಉಳಿದ್ವೇನವ್ವ?”

“ಉಳಿದ್ವಜ್ಜಿ.”

“ಪುಣ್ಯಾತಗಿತ್ತಿ. ನಾನು ಕೊಂಡದ್ದು ಉಳೀನಿಲ್ಲ.”

“ಅವ್ವ, ಸುಮ್ಕಿರು,” ಅಂದ ರುದ್ರಸ್ವಾಮಿ. “ಅರಳುಮರಳು ಮೇಡಂ ಅವಳಿಗೆ.”

ಪವಿತ್ರ ಕಾರಿನ ಕಿಟಕಿಯ ಮೇಲೆ ಕೈಯಿಟ್ಟು ಬಗ್ಗಿದಳು. “ಉಳೀಲಿಲ್ಲ ಅಂದ್ರೆ? ಮೊನ್ನೆಯವರೆಗೂ ಬದುಕಿದ್ರಲ್ಲ ತೌಡಯ್ಯ.”

“ನಾನು ಹೇಳಿದ್ದು ಆ ಕೂಸಿನ ಮಾತು. ನಾಮಕರಣಕ್ಕೆ ಮುಂಚೆ ನನ್ನ ಮಗ್ಗುಲಲ್ಲೇ ತಣ್ಣಗಾಗಿ ಹೋಗಿತ್ತು. ಎದ್ದು ನೋಡ್ತೀನಿ, ಈ ಕಡೆ ಆಗತಾನೇ ನಾನು ಹೆತ್ತ ಕೂಸು ಕೈಕಾಲು ಆಡಿಸ್ತಾ ಐತೆ, ಆ ಕಡೆ ಅವರದು ಮರದ ತುಂಡು.” ಅಂಬುಜಮ್ಮನ ದನಿಯಲ್ಲಿ ಅಳುವಿರಲಿಲ್ಲ. ಅಳುವೆಲ್ಲ ಎಂದೋ ತೀರಿಹೋಗಿತ್ತು. “ಅವಳ ಬಾಗಿಲಿಗೆ ಆರನೇ ಹೆಣ ಹೊತ್ಕೊಂಡು ಎಂಗೋಗ್ಲಿ ಹೇಳು? ನನಗೆ ಇನ್ನೂ ಮೂರು ಅವೆ, ಅವಳಿಗೆ ಒಂದೂ ಇಲ್ಲ ಅಂದ್ಕೊಂಡೆ. ನಂದು ಸತ್ತೋಯ್ತು ಅಂತ ಊರಿಗೆ ಹೇಳ್ದೆ. ನನ್ನ ಕೂಸಿಗೇ ತೌಡಯ್ಯ ಅಂತ ಹೆಸರಿಟ್ಟು ಅವಳ ಮಡಿಲಿಗೆ ಹಾಕ್ಬುಟ್ಟೆ.”

ಶವಾಗಾರದ ಗುಮಾಸ್ತ ಕಾಗದ ಹಿಡಿದುಕೊಂಡು ಇತ್ತ ಬರುತ್ತಿದ್ದವನು ದೂರದಲ್ಲೇ ನಿಂತ.

“ಆ ಗಂಡ ಹೆಂಡ್ತಿ ಹೋದ ಮೇಲೆ ನನ್ನ ಮಗ ಪೇಟೆಲಿ ಎಲೆ ಮಾರಿ ಹೊಟ್ಟೆ ಹೊರೀತಾವ್ನೆ ಅಂತ ಗೊತ್ತಾಯ್ತು,” ಅಂದಳು ಮುದುಕಿ. “ಅವನಿಗೂ ಮನೇಲಿ ಒಂದು ಪಾಲು ಕೊಡು ಅಂತ ಇವನಿಗೆ ಎರಡು ವರ್ಷದಿಂದ ಹೇಳ್ತಾನೇ ಇದ್ದೆ. ಯಾಕೆ ಅಂತ ಮಾತ್ರ ಹೇಳಾಕೆ ಬಾಯಿ ಬರ್ನಿಲ್ಲ. ತೌಡು ಕೊಟ್ಟು ತಂದಿದ್ದಕ್ಕೆ ಪಾಲು ಬೇರೆ ಕೇಡು ಅಂದ.”

ಪವಿತ್ರ ತಲೆಯೆತ್ತಿ ರುದ್ರಸ್ವಾಮಿಯನ್ನು ನೋಡಿದಳು. ಎರಡು ದಿನದಲ್ಲಿ ಅವನ ಎಷ್ಟೋ ಮುಖಗಳನ್ನು ಕಂಡಿದ್ದಳು. ಅಳುವ ಮುಖ, ಬೇಡುವ ಮುಖ, ಈಗಷ್ಟೇ ಗೆದ್ದ ಮುಖ. ಇದು ಯಾವುದೂ ಅಲ್ಲ. ಅವನಿಗೆ ಈ ಸಂಗತಿ ನಿಜಕ್ಕೂ ಗೊತ್ತಿರಲಿಲ್ಲ. ತಾನು ಬರೆಸಿದ್ದ ಸುಳ್ಳೇ ಸತ್ಯವಾಗಿ ಎದುರು ಬಂದು ನಿಂತಿತ್ತು, ಅವನು ಅದರ ಮುಂದೆ ಕುಸಿದು ನೆಲಕ್ಕೆ ಕೂತ.

“ಮೊದ್ಲೇ ಹೇಳ್ಬಾರ್ದಾಗಿತ್ತಾ ಅವ್ವ?” 

ಅವನ ಬಾಯಿಂದ ಬಂದದ್ದು ಅಷ್ಟೇ. ಪವಿತ್ರ ಬಾಯಿ ತೆರೆಯುವಷ್ಟರಲ್ಲಿ ಕಾರಿನೊಳಗಿಂದ ಗಗನ ಕೇಳಿದಳು.

“ಯಾವುದಕ್ಕಿಂತ ಮೊದಲು, ದೊಡ್ಡಪ್ಪ?”

ಅವನು ಅವಳತ್ತ ನೋಡಲಿಲ್ಲ. ಪವಿತ್ರ ಜಗಲಿಯಲ್ಲಿದ್ದ ಪೇದೆ ಹರೀಶನಿಗೆ ಕಣ್ಸನ್ನೆ ಮಾಡಿದಳು. ಹರೀಶ ಬಂದು ರುದ್ರಸ್ವಾಮಿಯ ಹಿಂದೆ ನಿಂತ.

“ಅವನನ್ನ ಮುಟ್ಬೇಡಿ,” ಅಂದಳು ಅಂಬುಜಮ್ಮ. “ನನ್ನ ಹೆಸರು ಬರ್ಕೋ ಕಣವ್ವ. ಔಷಧಿ ಕೊಟ್ಟೋಳು ನಾನು.”

ಒಬ್ಬ ಮಗ ಹೋದ, ಇರುವ ಇನ್ನೊಬ್ಬನನ್ನು ಉಳಿಸಿಕೊಳ್ಳಲು ಈ ಮುದುಕಿ ತನ್ನ ಕೊರಳನ್ನೇ ಮುಂದೆ ಚಾಚುತ್ತಿದ್ದಾಳೆ ಅಂದುಕೊಂಡಳು ಪವಿತ್ರ. “ಅಜ್ಜಿ, ಹಾಗೆಲ್ಲ ಹೇಳಬಾರದು. ಅದು ನಿಮ್ಮ ಕೈಲಿ ಆಗೋ ಕೆಲಸವಲ್ಲ,” ಅಂದಳು, ಎಳೆಮಗುವಿಗೆ ಹೇಳುವಂತೆ.

“ಆಗದೇನು? ಸುಣ್ಣದಲ್ಲಿ ಕಲಸಿ ಎಲೆಗೆ ಹಚ್ಚಿ ಮಡಿಸಿದ್ದಾಯ್ತು. ಅವನ ಅಂಗಡಿ ಎಲೆನೇ. ಅವ್ವ ಕೊಟ್ಟಿದ್ದು ಅಂತ ಅಗಿದು ನುಂಗ್ದ.”

ಪವಿತ್ರ ಕಿಟಕಿಯ ಮೇಲಿದ್ದ ಕೈ ತೆಗೆದಳು. ವಿಷ ಬಾಟಲಿಯಿಂದ ಕುಡಿದದ್ದು ಅಂತಲೇ ಎಲ್ಲರೂ ತಿಳಿದಿದ್ದರು, ಇನ್ಸ್‌ಪೆಕ್ಟರ್ ಕೂಡ. ಸತ್ತವನ ದವಡೆಯ ಸಂದಿಯಲ್ಲಿ ಅಗಿದ ಎಲೆಯ ಚೂರು ಸಿಕ್ಕಿದ್ದು, ಔಷಧಿಯ ವಾಸನೆ ಅದರಲ್ಲೇ ಹೆಚ್ಚಾಗಿದ್ದದ್ದು ಇವತ್ತು ಬೆಳಿಗ್ಗೆ ಡಾಕ್ಟರು ಅವಳ ಕಿವಿಯಲ್ಲಷ್ಟೆ ಹೇಳಿದ್ದು. ಮುದುಕಿ ಊಹಿಸಿ ಹೇಳುವಂಥದಲ್ಲ ಅದು. ಕೊಟ್ಟವಳಾಗಿರಬೇಕು, ಇಲ್ಲವೇ ಕೊಟ್ಟದ್ದನ್ನು ಕಣ್ಣಾರೆ ಕಂಡವಳಾಗಿರಬೇಕು.

“ಅವ್ವ ಕೊಟ್ಟಿದ್ದು ಅಂದ್ರಲ್ಲ,” ಅಂದಳು ಪವಿತ್ರ, ತನ್ನ ದನಿಯೇ ತನಗೆ ಅಪರಿಚಿತವೆನಿಸಿ. “ನೀವು ಅವರ ಅವ್ವ ಅಂತ ಅವರಿಗೆ ಗೊತ್ತಿತ್ತಾ?”

ಅಂಬುಜಮ್ಮ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ನೆಲದ ಮೇಲೆ ಕೂತಿದ್ದ ರುದ್ರಸ್ವಾಮಿ ತಾಯಿಯ ಮುಖವನ್ನು ದಿಟ್ಟಿಸುತ್ತಿದ್ದ. ಅವನ ಕಣ್ಣಿನಲ್ಲಿದ್ದದ್ದು ದುಃಖವಲ್ಲ, ಇನ್ನೇನು ಹೊರಬೀಳುತ್ತದೋ ಎಂಬ ಭಯ.

ಕಾರಿನ ಆಚೆ ಬದಿಯ ಬಾಗಿಲು ತೆರೆಯಿತು. ಗಗನ ಇಳಿದಳು. ಬಟ್ಟೆಯ ಬ್ಯಾಗನ್ನು ಸೀಟಿನಿಂದ ಎಳೆದುಕೊಂಡು, ಕಾರನ್ನು ಸುತ್ತಿ ಬಂದು, ಗುಮಾಸ್ತನ ಕೈಯಲ್ಲಿದ್ದ ಕಾಗದವನ್ನು ತೆಗೆದು ಪವಿತ್ರಳ ಕೈಗೆ ಕೊಟ್ಟಳು.

“ಅಪ್ಪನ್ನ ಇವರಿಗೆ ಕೊಡಬೇಡಿ ಮೇಡಂ,” ಅಂದಳು. “ನನಗೂ ಕೊಡಬೇಡಿ. ನಾನೂ ಈ ರಕ್ತವೇ ಅಂತೆ.”